ಹೇರಿಲ್ಲದ ಎಂಜಿನ್ನಿಗೆ ರೇಸು ಕೊಟ್ಟರೆ ಕೇಡೇನು?

ಕಬ್ಬು ನುರಿಸುವ ಹಂಗಾಮು ಪ್ರಾರಂಭವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಕೋಳಿ ಕೂಗುವ ಮುಂಚೆ ಟ್ರ್ಯಾಕ್ಟರು ಕೂಗುತ್ತದೆ. ಕಳೆದ ಹಂಗಾಮಿನಲ್ಲಿ ಕುಳೆ ಕಬ್ಬಿನ ರವದಿ ಹೊದಿಕೆಯ ತಾಕೊಂದನ್ನು ನೋಡಲೆಂದು ಘಟಪ್ರಭಾ ದಂಡೆಯ ಹಳ್ಳಿಯೊಂದರಲ್ಲಿ ರಾತ್ರಿ ಉಳಿದಿದ್ದೆ. ಬೆಳಗಿನ ಐದೂವರೆಯ ಸುಮಾರಿಗೆ ಮನೆಯ ಮಗ ಟ್ರ್ಯಾಕ್ಟರನ್ನು ಚಾಲೂ ಮಾಡಿದವನೇ ಕೈ ಎಕ್ಸಿಲೇಟರನ್ನು ಪೂರ್ತಿ ಎಳೆದು ಬಿಟ್ಟ. ಓಣಿಯೆಲ್ಲ ನಡುಗಿತು. ಒಳಗಿನಿಂದ ತಂದೆ ಕೂಗಿದರು: "ಏ ತಮ್ಮಾ, ಸಾಕ ಮಾಡೊ! ಹೇರಿಲ್ಲದ ರೇಸ್ ಕೊಟ್ಟರ ಎಂಜಿನ್ ಬಾಯಿ ಬಿಡತೈತಿ."

ಮಗ ಸುಮ್ಮನಿರಲಿಲ್ಲ. "ಅಪ್ಪಾ, ಹೇರು ಹೊತ್ತರ ಎತ್ತು ದಣಿಯೂದು. ಕೊಟ್ಟಿಗ್ಯಾಗ ಖಾಲಿ ನಿಂತ ಎತ್ತಿಗೆ ಎಂಥಾ ದಣಿವು? ಒಂದ್ ರೇಸ್ ಕೊಟ್ಟರ ಎಂಜಿನ್ ಕಫಾ ಬಿಡತೈತಿ ಅಷ್ಟ." ಹಾಗೆಂದವನು ನನ್ನ ಕಡೆ ತಿರುಗಿ, "ಸಾಹೇಬ್ರ, ನೀವರ ಹೇಳ್ರಿ" ಎಂದ.

ನಾನು ಬೇಸಾಯ ಶಾಸ್ತ್ರದವನು. ಎಂಜಿನ್ನು ಬಿಚ್ಚಿ ಕೂಡಿಸುವ ವಿದ್ಯೆ ನನ್ನದಲ್ಲ. ಆದರೆ ಎಕರೆಗೆ ಎಷ್ಟು ಖರ್ಚು ಬಂತೆಂದು ಲೆಕ್ಕ ಹಾಕುವಾಗ ಗೊಬ್ಬರದ ಚೀಲದಷ್ಟೇ ಡೀಸೆಲ್ಲೂ, ಎಂಜಿನ್ನಿನ ಸವಕಳಿಯೂ ನನ್ನ ಲೆಕ್ಕದ ಪುಸ್ತಕಕ್ಕೆ ಬರುತ್ತವೆ. ಅಲ್ಲದೆ ನಮ್ಮ ಭಾಗದ ಬಹುತೇಕ ಟ್ರ್ಯಾಕ್ಟರುಗಳು ಸಾಲದ ಮೇಲೆ ನಿಂತಿವೆ. ಕಂತು ತೀರುವುದಕ್ಕಿಂತ ಮುಂಚೆ ಎಂಜಿನ್ನು ಬಿಚ್ಚುವ ಪಾಳಿ ಬಂದರೆ ಆ ಮನೆಗೆ ಒಂದು ಬೆಳೆಯೇ ಹೋದಂತೆ. ಆದುದರಿಂದ ಈ ಪ್ರಶ್ನೆಯನ್ನು ಯಂತ್ರಶಿಲ್ಪಿಗಳಿಗೆ ಮಾತ್ರ ಬಿಟ್ಟುಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮೊದಲು ಮಗನ ಎತ್ತಿನ ಮಾತನ್ನೇ ತೆಗೆದುಕೊಳ್ಳೋಣ. ಹೇರಿಲ್ಲದ ಎತ್ತಿಗೆ ದಣಿವಿಲ್ಲ ಎಂಬುದು ಅದು ನಿಂತಿದ್ದರೆ ಮಾತ್ರ ನಿಜ. ಶರ್ಯತ್ತಿನಲ್ಲಿ ಓಡುವ ಎತ್ತುಗಳ ಗಾಡಿ ಖಾಲಿಯೇ ಇರುತ್ತದೆ. ಆದರೂ ಓಟ ಮುಗಿದಾಗ ಅವುಗಳ ಪಕ್ಕೆ ಹೇಗೆ ಬಡಿದುಕೊಳ್ಳುತ್ತದೆಂಬುದನ್ನು ಈ ಭಾಗದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಎಂಜಿನ್ನಿನೊಳಗೂ ಹಾಗೆಯೇ. ಟ್ರ್ಯಾಕ್ಟರು ನಿಂತಲ್ಲೇ ನಿಂತಿದ್ದರೂ ಪಿಸ್ಟನ್ನು ನಿಂತಿರುವುದಿಲ್ಲ. ಎಂಜಿನ್ನು ನಿಮಿಷಕ್ಕೆ 750 ಸುತ್ತು ತಿರುಗುವಾಗ ಪಿಸ್ಟನ್ನು ಮೇಲೊಮ್ಮೆ ಕೆಳಗೊಮ್ಮೆ ನಿಂತು ತಿರುಗುವುದು ಸೆಕೆಂಡಿಗೆ 25 ಸಲ. 2250 ಸುತ್ತಿಗೆ ಏರಿಸಿದರೆ 75 ಸಲ. ಹೀಗೆ ನಿಲ್ಲಿಸಿ ತಿರುಗಿಸುವ ಎಳೆತವನ್ನೆಲ್ಲ ಹೊರುವುದು ಕನೆಕ್ಟಿಂಗ್ ರಾಡು, ಅದರ ಬೋಲ್ಟುಗಳು ಮತ್ತು ಬೇರಿಂಗು. ಆ ಎಳೆತ ವೇಗದ ವರ್ಗದಂತೆ ಏರುತ್ತದೆ: ವೇಗ ಇಮ್ಮಡಿಯಾದರೆ ಎಳೆತ ನಾಲ್ಮಡಿ, ಮುಮ್ಮಡಿಯಾದರೆ ಒಂಬತ್ತು ಪಟ್ಟು. ಟ್ರೇಲರಿನಲ್ಲಿ ಕಬ್ಬು ಇದೆಯೋ ಇಲ್ಲವೋ ಎಂಬುದಕ್ಕೂ ಈ ಎಳೆತಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ತಂದೆಯ ಮಾತೇ ಸರಿಯೆ? ಅದೂ ಪೂರ್ತಿ ಸರಿಯಲ್ಲ. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿಗೆ ಗವರ್ನರ್ ಎಂಬ ಮೂಗುದಾರವಿದೆ. ನೀವು ಎಕ್ಸಿಲೇಟರನ್ನು ಎಷ್ಟೇ ಒತ್ತಿದರೂ ಗೊತ್ತುಪಡಿಸಿದ ಸುತ್ತು ಮೀರುತ್ತಿದ್ದಂತೆ ಅದು ಡೀಸೆಲ್ಲನ್ನು ಕಡಿಮೆ ಮಾಡುತ್ತದೆ. ಹೇರಿಲ್ಲದಾಗ ಎಂಜಿನ್ನು ಪೂರ್ತಿ ಹೇರಿನ ವೇಗಕ್ಕಿಂತ ಸ್ವಲ್ಪ ಹೆಚ್ಚು ತಿರುಗುವುದೇನೋ ನಿಜ. ಆದರೆ ತಯಾರಕರು ಆ ವೇಗವನ್ನೂ ಲೆಕ್ಕಕ್ಕೆ ಹಿಡಿದೇ ಉಕ್ಕನ್ನು ಆಯ್ದಿರುತ್ತಾರೆ. ಎಂಜಿನ್ನು ಚೆನ್ನಾಗಿ ಕಾದಿದ್ದು, ಕೀಲೆಣ್ಣೆ ಸರಿಯಾಗಿದ್ದು, ಗವರ್ನರಿಗೆ ಯಾರೂ ಕೈ ಹಚ್ಚಿರದಿದ್ದರೆ ಅರ್ಧ ನಿಮಿಷದ ರೇಸಿನಿಂದ ಎಂಜಿನ್ನು ಬಾಯಿ ಬಿಡುವುದಿಲ್ಲ. ಮೆಕ್ಯಾನಿಕ್ಕನು ಸದ್ದು ಕೇಳಿ ರೋಗ ಗುರುತಿಸಲು ರೇಸು ಕೊಡುತ್ತಾನಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ಇತ್ತೀಚಿನ ಕಾರುಗಳಲ್ಲೂ, ಎಲೆಕ್ಟ್ರಾನಿಕ್ ನಿಯಂತ್ರಣದ ಟ್ರ್ಯಾಕ್ಟರುಗಳಲ್ಲೂ ಇದೇ ಮೂಗುದಾರವನ್ನು ಗಣಕ ಹಿಡಿದಿರುತ್ತದೆ.

ಆದರೆ ಆ ಮೂಗುದಾರವನ್ನೇ ಬಿಚ್ಚಿದರೆ ಏನಾಗುವುದೆಂಬುದನ್ನು ನಾನು ಚಿಕ್ಕವನಿದ್ದಾಗಲೇ ಕಂಡಿದ್ದೇನೆ. ಹುಕ್ಕೇರಿ ತಾಲೂಕಿನಲ್ಲಿ ಹಿರಣ್ಯಕೇಶಿಯ ದಂಡೆಯ ಮೇಲೆ ನಮ್ಮ ತಂದೆಯವರು 1500 ಸುತ್ತಿನ, 5 ಅಶ್ವಶಕ್ತಿಯ ಡೀಸೆಲ್ ಎಂಜಿನ್ನನ್ನು ಬೆಲ್ಟು ಹಾಕಿ ಪಂಪಿಗೆ ಜೋಡಿಸಿದ್ದರು. 1990ರ ದಶಕದ ಪ್ರಾರಂಭದ ಮಾತು. ಬೇಸಿಗೆಯಲ್ಲಿ ನದಿ ಇಳಿದು, ನೀರು ಸಾಲದೆ, ಇನ್ನಷ್ಟು ನೀರು ಬರಲೆಂದು ನಾವೇ ಗವರ್ನರಿನ ಸರಳಿಗೆ ತಂತಿ ಕಟ್ಟಿದ್ದೆವು. ಆಗ ಇದು ಸುತ್ತಲಿನ ತೋಟಗಳಲ್ಲಿ ಎಲ್ಲರೂ ಮಾಡುತ್ತಿದ್ದ ಚಾತುರ್ಯ. ಒಂದು ಸಂಜೆ ಬೆಲ್ಟು ಜಾರಿ ಬಿತ್ತು. ಹೇರು ತಪ್ಪಿದ ಎಂಜಿನ್ನು ಒಂದೇ ಉಸಿರಿಗೆ ಕಿರುಚತೊಡಗಿತು. ಬುನಾದಿಯ ಬೋಲ್ಟುಗಳು ಅಲುಗಾಡಿದವು. ತಂದೆಯವರು ನನ್ನನ್ನು ದೂರ ತಳ್ಳಿ, ಕಾಲುವೆಯಲ್ಲಿ ನೆನೆದ ಗೋಣಿಚೀಲವನ್ನು ಗಾಳಿ ಎಳೆಯುವ ಬಾಯಿಗೆ ತುರುಕಿದರು. ಎಂಜಿನ್ನು ನಿಂತಿತು. ಮರುದಿನ ಬಿಚ್ಚಿ ನೋಡಿದಾಗ ವಾಲ್ವು ಎತ್ತುವ ಎರಡೂ ಕಡ್ಡಿಗಳು ಬಾಗಿದ್ದವು. ಕಡ್ಡಿಗಳಿಗೆ ಹೋದದ್ದು ಸಣ್ಣ ಹಣ. ಆದರೆ ಅಂದು ಗಾಲಿ ಸಿಡಿದಿದ್ದರೆ ಇಂದು ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ.

ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಾಯಿತು. ಕ್ರಮೇಣ ಮೂರೂ ತಾಲೂಕುಗಳಲ್ಲಿ ವಿದ್ಯುತ್ ಪಂಪುಗಳು ಹಬ್ಬಿ ಡೀಸೆಲ್ ಎಂಜಿನ್ನುಗಳು ಕೊಟ್ಟಿಗೆಯ ಮೂಲೆ ಸೇರಿದವು. ಆದರೆ ಕರೆಂಟು ಕೈಕೊಟ್ಟ ವರ್ಷ ಅವೇ ಮತ್ತೆ ಹೊರಗೆ ಬರುತ್ತವೆ, ಗವರ್ನರಿಗೆ ಕಟ್ಟಿದ ಹಳೆಯ ತಂತಿಯ ಸಮೇತ! ಮೂಲೆಯಲ್ಲಿದ್ದ ಎಂಜಿನ್ನನ್ನು ಎಳೆದು ತಂದವರು ಮೊದಲು ಆ ತಂತಿ ಇದೆಯೇ ನೋಡಿ, ಇದ್ದರೆ ತೆಗೆಯಬೇಕು. ಎರಡನೆಯದಾಗಿ, ಎಣ್ಣೆಯ ಏರ್ ಕ್ಲೀನರಿನಲ್ಲಿ ಗುರುತಿನ ಗೆರೆಗಿಂತ ಮೇಲೆ ಎಣ್ಣೆ ಸುರಿಯಬಾರದು. ರೇಸು ಏರಿದಾಗ ಎಂಜಿನ್ನು ಆ ಎಣ್ಣೆಯನ್ನೇ ಒಳಗೆಳೆದು ಉರಿಸಲು ಶುರುಮಾಡಿದರೆ ಡೀಸೆಲ್ಲು ನಿಲ್ಲಿಸಿದರೂ ಅದು ನಿಲ್ಲದು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾಳಿ ಮತ್ತು ಉರಿಯುವ ಎಣ್ಣೆ ಸಿಕ್ಕರೆ ಸಾಕು. ಅಂಥ ಹೊತ್ತಿನಲ್ಲಿ ಗಾಳಿಯ ಬಾಯಿಯನ್ನು ಹಲಗೆಯಿಂದ ಮುಚ್ಚುವುದೇ ದಾರಿ, ಕೈಯಿಂದ ಎಂದೂ ಅಲ್ಲ. ಟ್ರ್ಯಾಕ್ಟರಾಗಿದ್ದರೆ ಬ್ರೇಕು ಗಟ್ಟಿಯಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರೆ ಎಂಜಿನ್ನು ಉಸಿರುಕಟ್ಟಿ ನಿಲ್ಲುತ್ತದೆ.

ಈಗ ಆ ಬೆಳಗಿನ ರೇಸಿನ ವಿಚಾರ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ಅದೇ. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಕೀಲೆಣ್ಣೆ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಬೇರಿಂಗುಗಳ ಮೈಗೆ ಉಳಿದಿರುವುದು ತೆಳ್ಳನೆಯ ಪದರ ಮಾತ್ರ. ಚಾಲೂ ಮಾಡಿದ ಮೇಲೆ ಪಂಪು ಎಣ್ಣೆಯನ್ನು ಎತ್ತಿ ಮೇಲಿನ ವಾಲ್ವುಗಳ ತನಕ ಮುಟ್ಟಿಸಲು ಕೆಲವು ಸೆಕೆಂಡುಗಳಾದರೂ ಬೇಕು. ಮಾರ್ಗಶಿರ-ಪುಷ್ಯದ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿರುವುದರಿಂದ ಇನ್ನೂ ತುಸು ಹೆಚ್ಚು. ಆ ಹೊತ್ತಿಗೇ ಪೂರ್ತಿ ರೇಸು ಕೊಟ್ಟರೆ ಒಂಬತ್ತು ಪಟ್ಟು ಎಳೆತ ಬೀಳುವುದು ಎಣ್ಣೆ ಮುಟ್ಟದ ಬೇರಿಂಗಿನ ಮೇಲೆ. ಇನ್ನೊಂದು ಸಂಗತಿ. ಸಾಮಾನ್ಯವಾಗಿ ಪಿಸ್ಟನ್ನು ಅಲ್ಯೂಮಿನಿಯಂನದು, ಅದು ಆಡುವ ಲೈನರು ಬೀಡು ಕಬ್ಬಿಣದ್ದು. ಕಾವಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಎರಡೂ ತಕ್ಕಷ್ಟು ಕಾದು ಹೊಂದಿಕೊಳ್ಳುವ ಮುನ್ನ ಓಡಿಸಿದರೆ ಉಜ್ಜಾಟ ಹೆಚ್ಚು. ಮಗ ಹೇಳಿದ "ಕಫ" ಬಿಡುವುದಂತೂ ನಿಜವಲ್ಲ. ಹೊರಬರುವ ಬಿಳಿ ಹೊಗೆ ತಣ್ಣನೆಯ ಸಿಲಿಂಡರಿನಲ್ಲಿ ಉರಿಯದೆ ಉಳಿದ ಡೀಸೆಲ್ಲು.

ಹಾಗೆಂದು ಹತ್ತು-ಹದಿನೈದು ನಿಮಿಷ ನಿಧಾನಗತಿಯಲ್ಲಿ ಬಿಟ್ಟು ಚಹಾ ಕುಡಿಯಲು ಹೋಗುವುದನ್ನೂ ನಾನು ಒಪ್ಪುವುದಿಲ್ಲ. ಹೇರಿಲ್ಲದ ಡೀಸೆಲ್ ಎಂಜಿನ್ನು ಬೇಗ ಕಾಯುವುದೇ ಇಲ್ಲ. ಚಾಲೂ ಮಾಡಿ, ಎಣ್ಣೆಯ ಒತ್ತಡದ ದೀಪ ಆರಿದ ಮೇಲೆ ಒಂದೆರಡು ನಿಮಿಷ ಬಿಟ್ಟು, ಕೆಳಗಿನ ಗೇರಿನಲ್ಲಿ ಮೆಲ್ಲಗೆ ಹೊರಡುವುದು ಲೇಸು. ಹೊಲ ಮುಟ್ಟುವಷ್ಟರಲ್ಲಿ ಎಂಜಿನ್ನೂ ಹದಕ್ಕೆ ಬಂದಿರುತ್ತದೆ.

ನಿಲ್ಲಿಸುವಾಗಿನ ರೇಸು ಇನ್ನೊಂದು ಬಗೆಯದು. ಹಳೆಯ ಚಾಲಕರಲ್ಲಿ ಹಲವರು ಕೀಲಿ ತಿರುಗಿಸುವ ಮುನ್ನ "ಭರ್ರ್" ಎಂದು ಒಮ್ಮೆ ಏರಿಸಿಯೇ ನಿಲ್ಲಿಸುತ್ತಾರೆ. ಯಾರು ಕಲಿಸಿದರೆಂದು ಕೇಳಿದರೆ "ನಮ್ಮ ಉಸ್ತಾದ" ಎನ್ನುತ್ತಾರೆ. ಟರ್ಬೋ ಇಲ್ಲದ ಹಳೆಯ ಎಂಜಿನ್ನಿನಲ್ಲಿ ಅದು ಬರೀ ಡೀಸೆಲ್ಲಿನ ದಂಡ. ಆದರೆ ಈಗ ಕಬ್ಬು ಎಳೆಯುವ ದೊಡ್ಡ ಟ್ರ್ಯಾಕ್ಟರುಗಳಲ್ಲಿ ಟರ್ಬೋ ಸಾಮಾನ್ಯವಾಗಿದೆ. ಹೊಗೆಯ ಬಲದಿಂದ ತಿರುಗುವ ಆ ಪುಟ್ಟ ಚಕ್ರ ಪೂರ್ತಿ ಕೆಲಸದಲ್ಲಿದ್ದಾಗ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಅದನ್ನು ತೇಲಿಸಿ ಹಿಡಿದಿರುವುದು ಎಂಜಿನ್ನಿನಿಂದ ಬರುವ ಕೀಲೆಣ್ಣೆ. ರೇಸು ಕೊಟ್ಟು ತಟ್ಟನೆ ನಿಲ್ಲಿಸಿದರೆ ಎಣ್ಣೆ ನಿಂತುಹೋಗುತ್ತದೆ, ಚಕ್ರ ಇನ್ನೂ ತಿರುಗುತ್ತಿರುತ್ತದೆ. ಒಳಗೆ ಉಳಿದ ಎಣ್ಣೆ ಕಾವಿಗೆ ಸುಟ್ಟು ಕರಿಕಾಗಿ ಅಂಟುತ್ತದೆ. ಭಾರ ಎಳೆದು ಬಂದ ಟ್ರ್ಯಾಕ್ಟರನ್ನು ಎರಡು-ಮೂರು ನಿಮಿಷ ನಿಧಾನಗತಿಯಲ್ಲಿ ಬಿಟ್ಟು ನಿಲ್ಲಿಸಿದರೆ ಟರ್ಬೋ ಬಾಳುತ್ತದೆ.

ಇಲ್ಲಿಯತನಕ ಏರಿಸುವ ಮಾತಾಯಿತು. ನಮ್ಮ ಭಾಗದ ದೊಡ್ಡ ರೋಗ ಮಾತ್ರ ಏರಿಸುವುದಲ್ಲ, ಸುಮ್ಮನೆ ಉರಿಸುವುದು. ಕಾರ್ಖಾನೆಯ ಯಾರ್ಡಿನಲ್ಲಿ ಜೋಡಿ ಟ್ರೇಲರು ಕಟ್ಟಿಕೊಂಡು ತೂಕದ ಕಾಟಾದ ಪಾಳಿಗೆ ನಿಂತ ಟ್ರ್ಯಾಕ್ಟರುಗಳ ಸಾಲನ್ನು ನೋಡಿರಿ. ಗಂಟೆಗೊಮ್ಮೆ ನಾಲ್ಕು ಮಾರು ಮುಂದೆ ಸರಿಯುತ್ತದೆ. ಉಳಿದ ಹೊತ್ತು ಎಂಜಿನ್ನು ಗುಡುಗುಡು ಎನ್ನುತ್ತಲೇ ಇರುತ್ತದೆ. ಯಾಕೆ ನಿಲ್ಲಿಸುವುದಿಲ್ಲವೆಂದು ನಾನು ಹಲವರನ್ನು ಕೇಳಿದ್ದೇನೆ. "ಬಂದ್ ಮಾಡಿದರ ಮತ್ತ ಚಾಲೂ ಆಗಬೇಕಲ್ರಿ?" ಎಂಬುದೇ ಹೆಚ್ಚಿನವರ ಉತ್ತರ. ಬ್ಯಾಟರಿ ಸತ್ತಿರುತ್ತದೆ, ಇಲ್ಲವೆ ಸೆಲ್ಫ್ ಸವೆದಿರುತ್ತದೆ. ಪಾಳಿ ತಪ್ಪುವ ಭಯಕ್ಕೆ ರಾತ್ರಿಯೆಲ್ಲ ಡೀಸೆಲ್ಲು ಸುಡುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಾಗದು. ಹಿಂದಿನವನು ಹಾರ್ನು ಹೊಡೆಯುವಾಗ ಟ್ರ್ಯಾಕ್ಟರು ಏಳದಿದ್ದರೆ ಆಗುವ ಮುಜುಗರ ಸಣ್ಣದಲ್ಲ.

ಆದರೆ ಲೆಕ್ಕ ನೋಡಿ. 50 ಅಶ್ವಶಕ್ತಿಯ ಆಸುಪಾಸಿನ ಟ್ರ್ಯಾಕ್ಟರು ನಿಧಾನಗತಿಯಲ್ಲಿ ಗಂಟೆಗೆ ಸುಮಾರು ಒಂದು ಲೀಟರು ಡೀಸೆಲ್ಲು ಕುಡಿಯುತ್ತದೆ. ಚಳಿಗೆ ಬೇಜಾರಾಗಿ ಕೈ ಎಕ್ಸಿಲೇಟರನ್ನು ಏರಿಸಿಟ್ಟರೆ ಅದು ಎರಡು ಪಟ್ಟು ದಾಟುವುದು ಸಾಮಾನ್ಯ. ಒಂದು ಖೇಪಿಗೆ ಆರು ತಾಸು ಹೀಗೆ ನಿಂತಿತೆಂದು ಹಿಡಿಯೋಣ. ಹಂಗಾಮಿಗೆ ನೂರು ಖೇಪು ಎಂದುಕೊಳ್ಳೋಣ. 600 ಲೀಟರಾಯಿತು. ಲೀಟರಿಗೆ 90 ರೂಪಾಯಿಯಂತೆ 54,000 ರೂಪಾಯಿ. ಅಷ್ಟು ಹಣದಲ್ಲಿ ಹೊಸ ಬ್ಯಾಟರಿ ತಂದು, ಸೆಲ್ಫ್ ರಿಪೇರಿ ಮಾಡಿಸಿದರೂ ಬಹುಭಾಗ ಕೈಯಲ್ಲಿ ಉಳಿಯುತ್ತದೆ.

ಡೀಸೆಲ್ಲಿನ ಹಾನಿ ಕಣ್ಣಿಗೆ ಕಾಣುವಂಥದ್ದು. ಕಾಣದ ಹಾನಿ ಬೇರೆ ಇದೆ. ಹೇರಿಲ್ಲದೆ ಬಹಳ ಹೊತ್ತು ಉರಿಯುವ ಎಂಜಿನ್ನಿನ ಸಿಲಿಂಡರು ತಕ್ಕಷ್ಟು ಕಾದಿರುವುದಿಲ್ಲ. ಸಿಂಪಡಿಸಿದ ಡೀಸೆಲ್ಲೆಲ್ಲ ಉರಿಯುವುದಿಲ್ಲ. ಉಳಿದದ್ದು ಲೈನರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಕೀಲೆಣ್ಣೆಯಲ್ಲಿ ಬೆರೆಯುತ್ತದೆ. ಇಂಜೆಕ್ಟರಿನ ತುದಿಗೆ ಕರಿ ಕಟ್ಟುತ್ತದೆ. ಸೈಲೆನ್ಸರಿನ ಜೋಡಣೆಯಲ್ಲಿ ಕಪ್ಪು ಜಿಡ್ಡು ಒಸರುತ್ತದೆ. ವರ್ಷಾನುಗಟ್ಟಲೆ ಹೀಗೇ ನಡೆದರೆ ಲೈನರು ಗಾಜಿನಂತೆ ನುಣುಪಾಗಿ, ಮೈಯಲ್ಲಿ ಎಣ್ಣೆ ಹಿಡಿಯದೆ, ಎಂಜಿನ್ನು ಎಣ್ಣೆ ತಿನ್ನಲು ಶುರುಮಾಡುತ್ತದೆ. ಹೊಸ ಟ್ರ್ಯಾಕ್ಟರಿಗೆ ಮೊದಲ 50 ತಾಸು ಹದವಾದ ಕೆಲಸ ಕೊಡಬೇಕೆಂದು ಹೇಳುವುದು ಇದಕ್ಕಾಗಿಯೇ. ರಿಂಗುಗಳು ಕೂಡ್ರಬೇಕಾದರೆ ಹೇರು ಬೇಕು. ಪೂಜೆ ಮಾಡಿಸಿ ತಂದು ಮನೆಯ ಮುಂದೆ ತಾಸುಗಟ್ಟಲೆ ಉರಿಸಿ ನೆಂಟರಿಗೆ ತೋರಿಸುವುದು ಅದಕ್ಕೆ ಒಳ್ಳೆಯ ಪ್ರಾರಂಭವಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಇಳಿದಿದ್ದರೆ ನಾವು ಗಾಬರಿಯಾಗುತ್ತೇವೆ. ಇಳಿಯದಿದ್ದರೆ, ಕೆಲವೊಮ್ಮೆ ಏರಿದ್ದರೂ, "ಎಂಜಿನ್ ಗಟ್ಟಿ ಐತಿ" ಎಂದು ಸಂತೋಷಪಡುತ್ತೇವೆ. ಎಣ್ಣೆ ತಾನಾಗಿ ಏರುವುದಿಲ್ಲ. ಏರಿತೆಂದರೆ ಅದರಲ್ಲಿ ಡೀಸೆಲ್ಲೋ ನೀರೋ ಬೆರೆತಿದೆ ಎಂದರ್ಥ. ಹಾಗೆಯೇ ತಾಸಿನ ಮೀಟರನ್ನು ಕಣ್ಣುಮುಚ್ಚಿ ನಂಬಬಾರದು. ಎಂಜಿನ್ನಿನ ಸುತ್ತಿನಿಂದ ತಿರುಗುವ ಹಳೆಯ ಮೀಟರುಗಳು ಗೊತ್ತುಪಡಿಸಿದ ವೇಗದಲ್ಲಿ ಮಾತ್ರ ಸರಿಯಾದ ತಾಸು ತೋರಿಸುತ್ತವೆ. ಆ ವೇಗದ ಮೂರನೆಯ ಒಂದು ಭಾಗದಲ್ಲಿ ಮೂರು ತಾಸು ಉರಿದರೆ ಮೀಟರಿನಲ್ಲಿ ಏರುವುದು ಒಂದೇ ತಾಸು. ಆದರೆ ಎಣ್ಣೆ ಮೂರು ತಾಸು ಕೆಟ್ಟಿರುತ್ತದೆ. ಯಾರ್ಡಿನ ಸಾಲಿನಲ್ಲಿ ರಾತ್ರಿ ಕಳೆಯುವ ಟ್ರ್ಯಾಕ್ಟರಿನವರು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮುಂಚೆಯೇ ಎಣ್ಣೆ ಬದಲಿಸುವುದು ಯೋಗ್ಯ. ಸರ್ವಿಸಿನ ಪಟ್ಟಿಯನ್ನು ಹಂಚುತ್ತ ಬಂದ ನಾವು ವಿಸ್ತರಣಾ ಕೆಲಸದವರು ಈ ಮಾತನ್ನು ಸ್ಪಷ್ಟವಾಗಿ ಹೇಳಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಜಾತ್ರೆಗಳಲ್ಲಿ ನಡೆಯುವ ಟ್ರ್ಯಾಕ್ಟರ್ ಸ್ಪರ್ಧೆಗಳ ಬಗ್ಗೆ ಓದುಗರು ಕೇಳಬಹುದು. ಟ್ರೇಲರು ಹಿಂದಕ್ಕೆ ಹೊಡೆಯುವ ಪಂದ್ಯ ಕೈಚಳಕದ್ದು, ನನಗೂ ನೋಡಲು ಇಷ್ಟ. ಸೈಲೆನ್ಸರು ಬಿಚ್ಚಿ, ಮುಂದಿನ ಗಾಲಿ ಎತ್ತಿ ಕುಣಿಸುವುದನ್ನು ಮಾತ್ರ ಎಂಜಿನ್ನಿಗಿಂತ ಮೊದಲು ಮನುಷ್ಯನ ದೃಷ್ಟಿಯಿಂದ ನಿಲ್ಲಿಸತಕ್ಕದ್ದು. ಮೆರವಣಿಗೆಯಲ್ಲಿ ನಿಂತಲ್ಲೇ ಮೋಟಾರ್ ಸೈಕಲ್ಲಿಗೆ ರೇಸು ಕೊಡುವ ಹುಡುಗರಿಗೂ ಒಂದು ಮಾತು: ಗಾಳಿಯಿಂದ ತಂಪಾಗುವ ಎಂಜಿನ್ನಿಗೆ ಓಟವೇ ಬೀಸಣಿಗೆ. ನಿಂತಲ್ಲಿ ಏರಿಸಿದರೆ ಕಾವು ಹೋಗಲು ದಾರಿಯಿಲ್ಲ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಹೇರಿಲ್ಲದ ರೇಸಿಗಿಂತ ಹೇರು ಮೀರಿದ ಎಳೆತ ಮತ್ತು ಧೂಳು, ಇವೆರಡೇ ನಮ್ಮ ಭಾಗದಲ್ಲಿ ಹೆಚ್ಚು ಎಂಜಿನ್ನುಗಳನ್ನು ಕೆಡಿಸುತ್ತಿವೆ ಎಂಬುದು ನಾನು ಕಂಡದ್ದು. ಜೋಡಿ ಟ್ರೇಲರಿನ ಕಬ್ಬನ್ನು ಏರುದಾರಿಯಲ್ಲಿ ಮೇಲಿನ ಗೇರಿನಲ್ಲೇ ಎಳೆಸಿ, ಕರೀ ಹೊಗೆ ಉಗುಳಿಸಿ, ಎಂಜಿನ್ನು ಮುಲುಗುವಂತೆ ಮಾಡುವುದು ಖಾಲಿ ರೇಸಿಗಿಂತ ಕೆಟ್ಟದ್ದು. ಕಬ್ಬಿನ ದಾರಿಯ ಧೂಳಿನಲ್ಲಿ ಏರ್ ಕ್ಲೀನರನ್ನು ಮರೆತವನು ರೇಸಿನ ಬಗ್ಗೆ ಚಿಂತಿಸಿ ಪ್ರಯೋಜನವಿಲ್ಲ.

ಹೊಲದೊಳಗೂ ಈ ವಿಚಾರ ಉಪಯೋಗಕ್ಕೆ ಬರುತ್ತದೆ. ಬೇಸಾಯ ಶಾಸ್ತ್ರದವನಾಗಿ ನನಗೆ ಹೆಚ್ಚು ಆಸಕ್ತಿ ಇರುವುದು ಇದರಲ್ಲಿಯೇ. 50 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ಕೂರಿಗೆಯನ್ನೋ ಹಗುರ ಕುಂಟೆಯನ್ನೋ ಕಟ್ಟಿ ಪೂರ್ತಿ ರೇಸಿನಲ್ಲಿ ಹೊಡೆಯುವುದೆಂದರೆ ಅದೂ ಬಹುಮಟ್ಟಿಗೆ ಹೇರಿಲ್ಲದ ರೇಸೇ. ಒಂದು ಗೇರು ಮೇಲೆ ಹಾಕಿ, ಎಕ್ಸಿಲೇಟರು ಇಳಿಸಿ, ಅದೇ ನಡಿಗೆಯಲ್ಲಿ ಹೊಡೆದರೆ ಡೀಸೆಲ್ಲು ಉಳಿಯುತ್ತದೆ, ಸವಕಳಿಯೂ ಕಡಿಮೆ. ಎಂಜಿನ್ನು ಮುಲುಗುತ್ತಿದೆಯೋ ಎಂಬುದನ್ನು ತಿಳಿಯಲು ಎಕ್ಸಿಲೇಟರನ್ನು ತುಸು ಒತ್ತಿ ನೋಡಿ. ವೇಗ ಚುರುಕಾಗಿ ಏರಿದರೆ ಸರಿ. ಹೊಗೆಯಷ್ಟೇ ಏರಿದರೆ ಗೇರು ಇಳಿಸಿ. ಹಿಂದಿನ ದಂಡದಿಂದ ತಿರುಗುವ ರೋಟಾವೇಟರು, ರವದಿ ಪುಡಿ ಮಾಡುವ ಯಂತ್ರ ಮುಂತಾದವುಗಳಿಗೆ ಈ ಉಪಾಯ ಸಲ್ಲದು. ಅವುಗಳಿಗೆ ಸಾಮಾನ್ಯವಾಗಿ ದಂಡ ನಿಮಿಷಕ್ಕೆ 540 ಸುತ್ತು ತಿರುಗಬೇಕು. ಅಲ್ಲಿ ರೇಸು ಕೆಲಸದ ಭಾಗ.

ಅಂದು ಬೆಳಿಗ್ಗೆ ಇಷ್ಟೆಲ್ಲ ಹೇಳಲು ಸಮಯವಿರಲಿಲ್ಲ. ಬೆಲ್ಟಿನ ಕಥೆ ಹೇಳಿದೆ. ತಂದೆ ತಲೆದೂಗಿದರು, ಮಗ ನಕ್ಕ. ಆದರೆ ಗಂಟೆಗೆ ಒಂದು ಲೀಟರಿನ ಮಾತನ್ನು ಅವನು ನಂಬಲಿಲ್ಲ. "ಅಳೆದು ನೋಡು" ಎಂದೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿ, ಯಾರ್ಡಿನ ಪಾಳಿಯಲ್ಲಿ ಎಂಜಿನ್ನು ಉರಿದ ತಾಸುಗಳನ್ನು ಬರೆದಿಟ್ಟು, ಮತ್ತೆ ಅದೇ ಗುರುತಿನವರೆಗೆ ಅಳತೆಯ ಡಬ್ಬಿಯಿಂದ ತುಂಬಿದರೆ ಉತ್ತರ ಸಿಗುತ್ತದೆ. ಬರುವ ಹಂಗಾಮಿನಲ್ಲಿ ಅಳೆಯುತ್ತೇನೆಂದು ಒಪ್ಪಿಕೊಂಡಿದ್ದಾನೆ. ಓದುಗರಲ್ಲಿ ಬೇರೆ ಯಾರಾದರೂ ಅಳೆದರೆ ಟ್ರ್ಯಾಕ್ಟರಿನ ಅಶ್ವಶಕ್ತಿ, ಅದರ ವಯಸ್ಸು ಮತ್ತು ಬಂದ ಅಳತೆಯನ್ನು ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.